ಹಗ್ಗ ಹಿಡಿಯೋರು ಯಾರು?

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಫಿಲಿಪ್ಪಿಯವರಿಗೆ 2:25-30 ಮತ್ತು 4:10-20

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಎರಡನೇ ಸಾಲಲ್ಲಿ ಜಾಗ ಇದೆ. ಬೈಬಲ್ ತಂದಿರೋರು ತೆಗೀರಿ, ಫೋನಲ್ಲಿ ನೋಡೋರು ನೋಟಿಫಿಕೇಶನ್ ಆಫ್ ಮಾಡಿ.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ನಾಲ್ಕನೇ ಅಧ್ಯಾಯ. ಈ ಅಧ್ಯಾಯದಲ್ಲಿ ನಮಗೆಲ್ಲ ಇಷ್ಟವಾದ ಎರಡು ವಚನ ಇವೆ. ಹದಿಮೂರನೇ ವಚನ ನಿಮ್ಮಲ್ಲಿ ಅರ್ಧ ಜನರ ವಾಟ್ಸಾಪ್ ಸ್ಟೇಟಸ್ಸಲ್ಲಿದೆ. ಕರ್ತನು ಬಲ ಕೊಡ್ತಾನೆ ಅನ್ನೋ ವಚನ. ಎಕ್ಸಾಮ್ ದಿನ, ಇಂಟರ್‌ವ್ಯೂ ದಿನ, ಜಿಮ್ಮಲ್ಲಿ ಕೂಡ. ಹತ್ತೊಂಬತ್ತನೇ ವಚನ ನಿಮ್ಮ ಅಮ್ಮಂದಿರ ಫ್ರಿಡ್ಜ್ ಮೇಲಿದೆ. ದೇವರು ಕೊರತೆ ನೀಗಿಸ್ತಾನೆ ಅನ್ನೋ ವಾಗ್ದಾನ. ಎರಡೂ ಸತ್ಯವೇ, ಆಮೆನ್? ಆದ್ರೆ ಈ ಎರಡು ವಚನಗಳು ಎಲ್ಲಿ ಬಂದಿವೆ ಅಂತ ಗಮನಿಸಿದ್ದೀರಾ? ಹಣ ಮುಟ್ಟಿದೆ ಅಂತ ಬರೆದ ಕಾಗದದಲ್ಲಿ! ದೂರ ದೇಶದಲ್ಲಿ, ಸೆರೆಯಲ್ಲಿ ಇರೋ ಒಬ್ಬ ಮನುಷ್ಯನಿಗೆ ಅವನ ಸ್ನೇಹಿತರು ಏನೋ ಕಳಿಸಿದ್ರು. ಅದು ಕೈಸೇರಿತು ಅಂತ ಅವನು ಉತ್ತರ ಬರೀತಾನೆ. ಕೊರತೆ ನೀಗಿಸುವ ಆ ವಾಗ್ದಾನ ಮೊದಲು ಸಿಕ್ಕಿದ್ದು, ದೂರದಲ್ಲಿ ದುಡಿಯೋ ಸ್ನೇಹಿತನ ಹಿಂದೆ ನಿಂತ ಒಂದು ಸಣ್ಣ ಸಭೆಗೆ. ಈ ಸಂದರ್ಭ ಬಿಟ್ಟು ವಚನ ಮಾತ್ರ ಕತ್ತರಿಸಿ ಫ್ರಿಡ್ಜಿಗೆ ಅಂಟಿಸಿದ್ರೆ ಮ್ಯಾಗ್ನೆಟ್ ಮಾತ್ರ ಉಳಿಯುತ್ತೆ.

ಫಿಲಿಪ್ಪಿಯ ಸಭೆ ಹೇಗೆ ಹುಟ್ಟಿತು, ಅಪೊಸ್ತಲರ ಕೃತ್ಯಗಳು 16ರಲ್ಲಿ ಓದಿದ್ದೀರಿ. ಕೆನ್ನೇರಳೆ ಬಟ್ಟೆ ಮಾರುತ್ತಿದ್ದ ಲುದ್ಯ, ಒಬ್ಬ ಸೆರೆಮನೆಯ ಯಜಮಾನ, ಅವರ ಮನೆಯವರು. ಅಷ್ಟೇ ಶುರು. ಪೌಲ ಅಲ್ಲಿ ಬಹಳ ದಿನ ಇರಲಿಲ್ಲ, ಏಟು ತಿಂದು ಹೊರಟ. ಮುಂದೆ ಥೆಸಲೋನಿಕಕ್ಕೆ ಹೋದ. ಸುಮಾರು 150 ಕಿಲೋಮೀಟರ್, ಇಲ್ಲಿಂದ ಮೈಸೂರಿಗೆ ಆಗೋಷ್ಟು. ಅಲ್ಲಿಗೆ ಇವರು ಸಹಾಯ ಕಳಿಸಿದ್ರು, ಅದೂ ಒಂದು ಸಲ ಅಲ್ಲ. ಆಗ ಬೇರೆ ಯಾವ ಸಭೆಯೂ ಈ ಕೊಡುವ ತೆಗೆದುಕೊಳ್ಳುವ ಲೆಕ್ಕದಲ್ಲಿ ತನ್ನ ಜೊತೆ ಇರಲಿಲ್ಲ ಅಂತ ಪೌಲನೇ ಬರೀತಾನೆ. ಸುಮಾರು ಹತ್ತು ವರ್ಷ ಆದ ಮೇಲೂ ಇವರೇ ಕಳಿಸ್ತಿದ್ದಾರೆ.

ಆದ್ರೆ ಹತ್ತನೇ ವಚನ ನಿಧಾನವಾಗಿ ಓದಿ. ಮಧ್ಯೆ ಒಂದು ಗ್ಯಾಪ್ ಇತ್ತು! ಕೆಲವು ಕಾಲ ಏನೂ ಬಂದಿರಲಿಲ್ಲ. ಈಗ ಮತ್ತೆ ಬಂದಿದೆ. ಅದಕ್ಕೆ ಪೌಲ ಬಳಸೋ ಪದ ಒಣಗಿದ ಗಿಡ ಮತ್ತೆ ಚಿಗುರಿದಂತೆ ಅನ್ನೋ ಅರ್ಥದ್ದು. ನಾನಾಗಿದ್ರೆ ಏನು ಬರೀತಿದ್ದೆ? "ಕೊನೆಗೂ ನೆನಪಾಯ್ತಾ?" ಅಂತ. ಪೌಲ ಹಾಗೆ ಬರೆಯಲ್ಲ. ನಿಮಗೆ ಕಾಳಜಿ ಇದ್ದೇ ಇತ್ತು, ದಾರಿ ಇರಲಿಲ್ಲ ಅಷ್ಟೇ ಅಂತಾನೆ. ಇಲ್ಲಿ ಕೆಲವರು ಯಾರಿಗೋ ಕಳಿಸ್ತಿದ್ದು ನಿಲ್ಲಿಸಿ, ಈಗ ಮುಖ ತೋರಿಸೋಕೆ ನಾಚಿಕೆಯಾಗಿ ಮೆಸೇಜ್ ಕೂಡ ಮಾಡದೇ ಇದ್ದೀರಿ. ಕೆಲಸ ಹೋಗಿರಬಹುದು, ಮನೆ ಲೋನ್ ಇರಬಹುದು. ಈ ವಚನ ನಿಮಗೆ. ಒಣಗಿದ್ದು ಚಿಗುರಬಹುದು. ಹಲ್ಲೆಲೂಯಾ!

ಹದಿನೇಳು, ಹದಿನೆಂಟನೇ ವಚನ ಕಾಮರ್ಸ್ ಓದಿದವರಿಗೆ. ಪೌಲ ಇಲ್ಲಿ ಅಂಗಡಿ ಲೆಕ್ಕದ ಭಾಷೆ ಮಾತಾಡ್ತಾನೆ. ನನಗೆ ನಿಮ್ಮ ಕಾಣಿಕೆ ಮುಖ್ಯ ಅಲ್ಲ, ನಿಮ್ಮ ಖಾತೆಗೆ ಜಮೆಯಾಗೋ ಫಲ ಮುಖ್ಯ ಅಂತಾನೆ. ಆಮೇಲೆ ಗ್ರೀಕಿನಲ್ಲಿ 'ಅಪೆಖೋ' ಅನ್ನೋ ಪದ ಹಾಕ್ತಾನೆ. ಆ ಕಾಲದ ಪಪೈರಸ್ ರಸೀದಿಗಳಲ್ಲಿ ಬರ್ತಿದ್ದ ಪದವೇ ಅದು, ಪೂರ್ತಿ ಸಂದಾಯವಾಗಿದೆ ಅಂತ. ಆಮೇಲೆ ಅದೇ ಉಸಿರಲ್ಲಿ, ಇದು ದೇವರಿಗೆ ಸುವಾಸನೆಯ ಯಜ್ಞ ಅಂತಾನೆ. ರಸೀದಿಯೂ ಯಜ್ಞವೂ ಒಂದೇ ವಾಕ್ಯದಲ್ಲಿ! ಆತ್ಮಿಕ ವಿಷಯ ಬೇರೆ, ಹಣದ ವಿಷಯ ಬೇರೆ ಅನ್ನೋರು ಈ ವಚನ ಇನ್ನೊಂದು ಸಲ ಓದಲಿ.

ಈಗ ನಮ್ಮ ಸಹೋದರನ ವಿಷಯಕ್ಕೆ ಬರ್ತೀನಿ. ಅವನ ಹೆಸರು ಇಲ್ಲಿ ಹೇಳಲ್ಲ, ಅವನೇ ಬೇಡ ಅಂದಿದ್ದಾನೆ. ಬಹಳ ಜನರಿಗೆ ಗೊತ್ತು. ನಮ್ಮ ವರ್ಷಿಪ್ ಟೀಮಲ್ಲಿ ಕೇಬಲ್ ಸುತ್ತುತ್ತಿದ್ದವನು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಕೆಲಸ ಮಾಡ್ತಿದ್ದ. 2022ರಲ್ಲಿ ಮಲಾವಿಗೆ ಹೋದ. ಈಗ ನಾಲ್ಕನೇ ವರ್ಷ.

ಮಲಾವಿ ಎಲ್ಲಿದೆ? ಆಫ್ರಿಕಾದ ಆಗ್ನೇಯ ಭಾಗದಲ್ಲಿ, ಮೊಜಾಂಬಿಕ್, ಜಾಂಬಿಯಾ, ಟಾಂಜಾನಿಯಾ ಮಧ್ಯೆ. ಉದ್ದಕ್ಕೆ ಒಂದು ದೊಡ್ಡ ಸರೋವರ ಇರೋ ದೇಶ. ನಮಗಿಂತ ಮೂರೂವರೆ ಗಂಟೆ ಹಿಂದೆ. ಇವನಿರೋದು ದಕ್ಷಿಣದ ತುದಿಯಲ್ಲಿ, ಶೀರೆ ನದಿಯ ಕೆಳಗಿನ ಕಣಿವೆಯ ಒಂದು ಹಳ್ಳಿಯಲ್ಲಿ. ತಗ್ಗು ಪ್ರದೇಶ, ಸುಡುಬಿಸಿಲು, ಮಳೆ ಬಂದ್ರೆ ಪ್ರವಾಹ. ಕೆಲವು ಕಡೆ ಬೋರ್ ಕೊರೆದರೂ ಉಪ್ಪುನೀರು. ಊಟ ನ್ಸಿಮಾ. ಜೋಳ ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಕೈಯಲ್ಲಿ ಉಂಡೆ ಮಾಡಿ ಪಲ್ಯದ ಜೊತೆ ತಿನ್ನೋದು. "ಅಣ್ಣಾ, ಮಂಡ್ಯದವರು ಇಲ್ಲಿ ಬಂದ್ರೆ ಬದುಕ್ತಾರೆ, ಕಲರ್ ಮಾತ್ರ ಬೇರೆ" ಅಂತ ಮೊದಲ ವಾರವೇ ಹೇಳಿದ್ದ. ಅಲ್ಲಿ ಭಾರತೀಯರನ್ನ 'ಅಮ್ವೆನ್ಯೆ' ಅಂತಾರೆ. ಅಲ್ಲಿ ನಮ್ಮವರು ತಲೆಮಾರುಗಳಿಂದ ವ್ಯಾಪಾರಿಗಳು. ಹಾಗಾಗಿ ಮಕ್ಕಳು ಇವನನ್ನ ನೋಡಿ ಅಂಗಡಿ ಎಲ್ಲಿ ಅಂತ ಕೇಳ್ತಿದ್ರಂತೆ.

ಅವನ ಕೆಲಸ ಹ್ಯಾಂಡ್‌ಪಂಪ್. ಹೊಸ ಬೋರ್ ಕೊರೆಯೋದಲ್ಲ, ಕೇಳಿಸ್ಕೊಳ್ಳಿ. ಹೊಸದಾಗಿ ಕೊರೆಯೋಕೆ ಹಣ ಕೊಡೋರು ಸಿಗ್ತಾರೆ, ಯಾಕಂದ್ರೆ ಪಕ್ಕದಲ್ಲಿ ಬೋರ್ಡ್ ಹಾಕಬಹುದು, ರಿಬ್ಬನ್ ಕತ್ತರಿಸಬಹುದು. ಅಲ್ಲಿ ಹೆಚ್ಚಾಗಿ ಇರೋದು ಆಫ್ರಿಡೆವ್ ಅನ್ನೋ ಪಂಪು. ಹಳ್ಳಿಯ ಜನರೇ ರಿಪೇರಿ ಮಾಡೋ ಹಾಗೆ ಅದರ ವಿನ್ಯಾಸ ಮಾಡಿದ್ದಾರೆ. ಆದ್ರೆ ಒಳಗಿನ ಸೀಲು ಸವೆಯುತ್ತೆ, ರಾಡಿನ ಕೊಂಡಿ ಕಳಚುತ್ತೆ. ಒಂದು ಸಣ್ಣ ರಬ್ಬರ್ ಸೀಲ್ ಇಲ್ಲ ಅಂತ ಇಡೀ ಪಂಪು ತಿಂಗಳುಗಟ್ಟಲೆ ನಿಂತು ಹೋಗುತ್ತೆ. ಪಂಪು ನಿಂತ್ರೆ ಹೆಂಗಸರು ಕೊಡ ಹೊತ್ತು ನದಿಗೆ ಹೋಗ್ತಾರೆ. ಶೀರೆ ನದಿಯಲ್ಲಿ ಮೊಸಳೆ ಇವೆ. ಇದು ಕಥೆ ಅಲ್ಲ, ಅಲ್ಲಿ ನೀರಿಗೆ ಹೋದವರನ್ನ ಮೊಸಳೆ ಹಿಡಿದಿದೆ. ಅದೂ ಅಲ್ಲದೆ ಕಾಲರಾ. ಅವನು ಹೋದ ವರ್ಷವೇ ಶುರುವಾದ ಕಾಲರಾ ಆ ದೇಶದ ಇತಿಹಾಸದಲ್ಲೇ ಅತಿ ಕೆಟ್ಟದ್ದು, 1,700ಕ್ಕೂ ಹೆಚ್ಚು ಜನ ಸತ್ತರು. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ. 2024ರಲ್ಲಿ ಎಲ್ ನಿನೊ ಬರಗಾಲ, 28 ಜಿಲ್ಲೆಗಳಲ್ಲಿ 23ಕ್ಕೆ ವಿಪತ್ತು ಘೋಷಣೆ. ಇದೆಲ್ಲದರ ಮಧ್ಯೆ ಅವನು ಸೈಕಲ್ಲಲ್ಲಿ ಸ್ಪ್ಯಾನರ್ ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಿ, ಅಲ್ಲಿನ ನೀರಿನ ಸಮಿತಿಯ ಹೆಂಗಸರಿಗೆ ಪಂಪು ಬಿಚ್ಚಿ ಜೋಡಿಸೋದು ಕಲಿಸ್ತಾನೆ. ಈಗ ಅವನಿಗಿಂತ ಬೇಗ ಬಿಚ್ಚೋ ಒಬ್ಬ ಅಜ್ಜಿ ಇದ್ದಾರಂತೆ. ಸ್ತೋತ್ರ!

ಈ ಕೆಲಸ ಫೋಟೋಗೆ ಚೆನ್ನಾಗಿ ಬರಲ್ಲ. ನೋಡಿ, ಮೊದಲ ವರ್ಷ ಅವನು ಏನು ಕಳಿಸಿದ್ರೂ ಗ್ರೂಪಲ್ಲಿ ಸಾಲುಸಾಲು ಫೈರ್ ಇಮೋಜಿ, ಕೈಮುಗಿದ ಇಮೋಜಿ. ಏರ್‌ಪೋರ್ಟಿಗೆ ಎರಡು ಟೆಂಪೊ ಟ್ರಾವೆಲರ್ ತುಂಬಾ ಜನ ಹೋಗಿದ್ರು. ಮೂರನೇ ವರ್ಷದ ಹೊತ್ತಿಗೆ ಅವನು ಸವೆದ ಸೀಲಿನ ಫೋಟೋ ಹಾಕಿದ್ರೆ ಇಬ್ಬರು ನೋಡ್ತಾರೆ, ಅದರಲ್ಲಿ ಒಬ್ಬರು ಅವನ ಅಮ್ಮ. ಬಯ್ಯೋಕೆ ಹೇಳ್ತಿಲ್ಲ. ಮನುಷ್ಯನ ಮನಸ್ಸು ಹಾಗೆ, ಬೀಳ್ಕೊಡುಗೆಗೆ ಬರುತ್ತೆ, ಸ್ವಾಗತಕ್ಕೆ ಬರುತ್ತೆ. ಮಧ್ಯದ ವರ್ಷಗಳಲ್ಲಿ ಸಪೋರ್ಟ್ ಅನ್ನೋದು ಪರೀಕ್ಷೆಗೆ ಬೀಳುತ್ತೆ.

ವಿಲಿಯಂ ಕೇರಿಯ ಹೆಸರು ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮನುಷ್ಯ, 1793ರಲ್ಲಿ ಬಂಗಾಳಕ್ಕೆ ಬಂದು 1834ರಲ್ಲಿ ಸೇರಾಂಪುರದಲ್ಲೇ ತೀರಿಹೋದ. ಒಂದು ಸಲವೂ ವಾಪಸ್ ಹೋಗಲಿಲ್ಲ. ನಮಗೂ ಅವನಿಗೂ ಒಂದು ನಂಟಿದೆ: 1817ರಲ್ಲಿ ಕನ್ನಡ ವ್ಯಾಕರಣದ ಪುಸ್ತಕವನ್ನೂ ಪ್ರಕಟಿಸಿದ. ಕೇರಿ ಬಗ್ಗೆ ಪ್ರಸಂಗ ಬಹಳ ಕೇಳಿರ್ತೀರಿ. ಇವತ್ತು ಆಂಡ್ರೂ ಫುಲ್ಲರ್ ಬಗ್ಗೆ ಹೇಳ್ತೀನಿ. ಯಾರಿಗೆ ಗೊತ್ತು ಕೈ ಎತ್ತಿ? ನೋಡಿದ್ರಾ.

1792ರಲ್ಲಿ ಕೆಟರಿಂಗ್ ಅನ್ನೋ ಊರಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವೇ ಜನ ಸೇರಿ ಒಂದು ಸಂಘ ಮಾಡಿದ್ರು. ಅವತ್ತು ಕೊಡ್ತೀವಿ ಅಂತ ಬರೆದುಕೊಟ್ಟ ಮೊತ್ತ 13 ಪೌಂಡು, 2 ಶಿಲಿಂಗ್, 6 ಪೆನ್ಸ್. ಆ ಚೀಟಿಗಳನ್ನ ಹಾಕಿದ್ದು ಫುಲ್ಲರನ ನಶ್ಯದ ಡಬ್ಬಿಯಲ್ಲಿ ಅಂತ ಹೇಳ್ತಾರೆ. ಭಾರತದ ಕೆಲಸ ಅಂದ್ರೆ ಯಾರೂ ಇಳಿಯದ ಆಳದ ಗಣಿಗೆ ಇಳಿದ ಹಾಗೆ, ಇಳಿಯೋನು ಕೇರಿ, ಮೇಲೆ ಹಗ್ಗ ಹಿಡಿದು ನಿಲ್ಲೋರು ಇವರು, ಸಾಯುವವರೆಗೂ ಬಿಡಬಾರದು ಅನ್ನೋದು ಅವರ ಮಧ್ಯದ ಒಪ್ಪಂದ ಅಂತ ಫುಲ್ಲರ್ ನೆನಪಿಸಿಕೊಂಡಿದ್ದಾನೆ. ಹಾಗೇ ಮಾಡಿದ. ತನ್ನ ಸಭೆ ನೋಡಿಕೊಳ್ತಾ, ಪುಸ್ತಕ ಬರೀತಾ, ಊರೂರು ಸುತ್ತಿ, ಸ್ಕಾಟ್ಲೆಂಡಿಗೆ ಮತ್ತೆ ಮತ್ತೆ ಹೋಗಿ ಹಣ ಸೇರಿಸಿದ. 1815ರಲ್ಲಿ ಸಾಯುವವರೆಗೂ ಕಾರ್ಯದರ್ಶಿಯಾಗಿದ್ದ. ಭಾರತವನ್ನ ಕಣ್ಣಲ್ಲಿ ನೋಡಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಒಳ್ಳೆ ಕಥೆ. ಸಾಮಾನ್ಯವಾಗಿ ಪ್ರಸಂಗದಲ್ಲಿ ಇಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಫುಲ್ಲರ್ ಸತ್ತ ಮೇಲೆ ಏನಾಯ್ತು? ಲಂಡನ್ನಿನಲ್ಲಿ ಹೊಸ ಸಮಿತಿ ಬಂತು. ಆ ಹಳೇ ಸ್ನೇಹ ಅವರಿಗೆ ಇರಲಿಲ್ಲ. ಸೇರಾಂಪುರದ ಆಸ್ತಿ ಯಾರ ಹಿಡಿತದಲ್ಲಿ ಇರಬೇಕು, ಲೆಕ್ಕ ಯಾರಿಗೆ ಒಪ್ಪಿಸಬೇಕು ಅಂತ ಜಗಳ ಶುರುವಾಗಿ ವರ್ಷಗಟ್ಟಲೆ ನಡೀತು. 1827ರಲ್ಲಿ ಇಬ್ಬರೂ ಬೇರೆಯಾದ್ರು. ಲೆಕ್ಕ ಕೇಳಿದ್ದು ತಪ್ಪಲ್ಲ. ಲೆಕ್ಕ ಇರಬೇಕು, ಪೌಲನೂ ರಸೀದಿ ಕೊಟ್ಟ. ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದಿದ್ರೂ ಪರವಾಗಿಲ್ಲ: ಸ್ನೇಹ ಹೋಗಿ ಲೆಕ್ಕ ಮಾತ್ರ ಉಳಿದಾಗ ಹಗ್ಗ ಹಿಡಿದಿರೋ ಕೈಗೆ ಕೆಳಗೆ ಇರೋದು ಮನುಷ್ಯ ಅನ್ನೋದು ಮರೆತುಹೋಗುತ್ತೆ. ಆಮೇಲೆ ಅದನ್ನ ಎಳೆದಾಡೋಕೆ ಶುರು ಮಾಡ್ತೀವಿ.

ಈಗ ಎರಡನೇ ಅಧ್ಯಾಯಕ್ಕೆ ತಿರುಗಿಸಿ. 25ರಿಂದ 30. ಇವತ್ತಿನ ಸಂದೇಶದ ಹೃದಯ ಇಲ್ಲಿದೆ.

ಎಪಫ್ರೊದೀತ. ಫಿಲಿಪ್ಪಿ ಸಭೆ ಹಣವನ್ನ ಇವನ ಕೈಯಲ್ಲಿ ಕಳಿಸಿತು. ಬರೀ ಕೊರಿಯರ್ ಅಲ್ಲ, ಅಲ್ಲೇ ಇದ್ದು ಪೌಲನಿಗೆ ಸೇವೆ ಮಾಡಲಿ ಅಂತ. ಅಲ್ಲಿ ಅವನಿಗೆ ಕಾಯಿಲೆಯಾಯ್ತು, ಸಾಯೋ ಸ್ಥಿತಿಗೆ ಹೋದ. ಸುದ್ದಿ ಊರಿಗೆ ಮುಟ್ಟಿತು. ಆಗ ಎಪಫ್ರೊದೀತನಿಗೆ ದುಃಖ ಆಯ್ತು ಅಂತ ಬರೆದಿದೆ. ಯಾಕೆ? ಕಾಯಿಲೆ ಬಂತು ಅಂತಲ್ಲ. ನನಗೆ ಕಾಯಿಲೆ ಅಂತ ಅವರಿಗೆ ಗೊತ್ತಾಯ್ತಲ್ಲ ಅಂತ! ಎಷ್ಟು ನಿಜ ಅಲ್ವಾ? ಪಿಜಿಯಲ್ಲಿ ಜ್ವರ ಬಂದು ಮಲಗಿರ್ತೀರಿ, ಅಮ್ಮ ಫೋನ್ ಮಾಡಿದ್ರೆ "ಊಟ ಆಯ್ತಮ್ಮ, ಚೆನ್ನಾಗಿದೀನಿ" ಅಂತೀರಿ.

ಪೌಲ ಅವನನ್ನ ವಾಪಸ್ ಕಳಿಸ್ತಾನೆ. ಕಳಿಸೋವಾಗ ಸಭೆಗೆ ಹೇಳ್ತಾನೆ, ಅವನನ್ನ ಪೂರ್ಣ ಸಂತೋಷದಿಂದ ಬರಮಾಡಿಕೊಳ್ಳಿ, ಇಂಥವರನ್ನ ಗೌರವಿಸಿ. ಯಾಕೆ ಹೀಗೆ ಹೇಳಬೇಕಿತ್ತು? ನನಗೆ ಅನಿಸೋದು, ಯಾರೋ ಒಬ್ಬರು ಅಲ್ಲಿ "ಏನ್ ಬ್ರದರ್, ಇಷ್ಟು ಬೇಗ ಬಂದ್ಬಿಟ್ರಿ? ನಾವು ಕಳಿಸಿದ್ದು ಸೇವೆಗಲ್ವಾ?" ಅನ್ನೋ ಸಾಧ್ಯತೆ ಇತ್ತು. ಎಲ್ಲ ಸಭೆಯಲ್ಲೂ ಅಂಥ ಒಬ್ಬರು ಇರ್ತಾರೆ. ಪೌಲ ಮುಂಚೆನೇ ಆ ಬಾಯಿ ಮುಚ್ಚಿಸ್ತಾನೆ. ಸೋತು ಬಂದಿಲ್ಲ, ಪ್ರಾಣವನ್ನೇ ಪಣಕ್ಕಿಟ್ಟವನು ಬರ್ತಿದ್ದಾನೆ.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಹೋದ ತಿಂಗಳು ನಮ್ಮ ಸಹೋದರ ಒಂದು ವಾಯ್ಸ್ ನೋಟ್ ಕಳಿಸಿದ. ಇಲ್ಲಿ ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾನೆ. ಒಂದೇ ವರ್ಷದಲ್ಲಿ ಎರಡು ಸಲ ಮಲೇರಿಯಾ ಬಂದಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಎರಡನೇ ಸಲ ಮಲಗಿದ್ದಲ್ಲಿಂದಲೇ ಹಳೇ ಫೋಟೋ ಒಂದನ್ನ ಗ್ರೂಪಿಗೆ ಹಾಕಿದ್ದ, ನೀರು ಬರ್ತಿರೋ ಪಂಪು, ನಗ್ತಿರೋ ಮಕ್ಕಳು. "ಅಣ್ಣಾ, ಕಷ್ಟ ಬರೆದ್ರೆ ಹಣ ಕೇಳ್ತಿದ್ದಾನೆ ಅಂದ್ಕೊಳ್ತಾರೆ. ಬೇಜಾರು ಅಂತ ಬರೆದ್ರೆ ನಂಬಿಕೆ ಕಮ್ಮಿಯಾಗಿದೆ ಅಂದ್ಕೊಳ್ತಾರೆ. ಏನ್ ಬರೀಲಿ?" ಅಂದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕೋಳಿ ಕೂಗೋ ಶಬ್ದ. ಆಮೇಲೆ, "ನಾನು ಬಂದ್ಬಿಟ್ರೆ ಸಭೆಯವರು ಏನಂತಾರೆ?"

ಪ್ರಿಯರೇ, ಈ ಪ್ರಶ್ನೆಗೆ ಉತ್ತರ ಅವನು ಕೊಡಬೇಕಾಗಿಲ್ಲ. ನಾವು ಕೊಡಬೇಕು. ನಮ್ಮ ಸಪೋರ್ಟು ಅವನ ಬಾಯಿ ಮುಚ್ಚಿಸೋ ಹಾಗಿದ್ರೆ ಅದನ್ನ ಸಪೋರ್ಟ್ ಅನ್ನಬಾರದು. ಕೇರಿಯ ಮನೆಯಲ್ಲೂ ಇದೇ ಇತ್ತು. 1794ರಲ್ಲಿ ಐದು ವರ್ಷದ ಮಗ ಪೀಟರ್ ಸತ್ತ. ಹೆಂಡತಿ ಡೊರೊತಿಯ ಮನಸ್ಸು ಮುರಿದುಹೋಯ್ತು. 1807ರಲ್ಲಿ ತೀರಿಕೊಳ್ಳೋವರೆಗೂ ಆ ತಾಯಿ ಸರಿಹೋಗಲಿಲ್ಲ. ಇಂಗ್ಲೆಂಡಿಂದ ಒಂದು ಕಾಗದ ಬರೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ಅವರಿಗೆ ದಾರಿ ಇರಲಿಲ್ಲ. ನಮಗೆ ವಾಯ್ಸ್ ನೋಟ್ ಹೋಗೋಕೆ ಎರಡು ಸೆಕೆಂಡು. ಅವನ ಸಿಮ್ ಯಾವುದು ಗೊತ್ತಾ? ಏರ್‌ಟೆಲ್! ಮಲಾವಿಯಲ್ಲೂ ಏರ್‌ಟೆಲ್ ಇದೆ.

ಕೆಲವು ಪ್ರಾಯೋಗಿಕ ವಿಷಯ, ಬರ್ಕೊಳ್ಳಿ. ಹಳೇ ಬಟ್ಟೆ ಗಂಟು ಕಟ್ಟಿ ಆಫೀಸಿಗೆ ತಂದಿಡಬೇಡಿ. ಹೊರದೇಶದ ಹಳೇ ಬಟ್ಟೆಗೆ ಅಲ್ಲಿ 'ಕೌಂಜಿಕಾ' ಅಂತ ಹೆಸರೇ ಇದೆ, ಸಂತೆ ತುಂಬಾ ಅದೇ. ನಿಮ್ಮ ಹಳೇ ಟೀ ಶರ್ಟಿಗೆ ವಿಮಾನದ ಚಾರ್ಜ್ ಕೊಡೋದು ದಂಡ. ಬೇಕಾಗಿರೋದು ಹಣ, ಅದೂ ಸ್ವಲ್ಪವೇ ಆದ್ರೂ ತಪ್ಪದೇ ಬರೋ ಹಣ. ಒಂದೇ ಸಲ ಹತ್ತು ಸಾವಿರ ಕೊಟ್ಟು ಮರೆಯೋದಕ್ಕಿಂತ ತಿಂಗಳಿಗೆ ಐನೂರು ಮೇಲು, ಯಾಕಂದ್ರೆ ಅದನ್ನ ನಂಬಿ ಅವನು ಮುಂದಿನ ತಿಂಗಳ ಸೀಲು, ರಾಡು ಆರ್ಡರ್ ಮಾಡಬಹುದು. 2023ರ ನವೆಂಬರಿನಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕು ಕ್ವಾಚಾ ಬೆಲೆಯನ್ನ ಒಂದೇ ಏಟಿಗೆ 44 ಶೇಕಡ ಇಳಿಸಿತು. ಹೊರಗಿಂದ ಬರೋ ಸಾಮಾನೆಲ್ಲ ದುಬಾರಿ. ಇಂಥ ದೇಶದಲ್ಲಿ ತಿಂಗಳ ಲೆಕ್ಕ ಹಾಕೋನ ಕಷ್ಟ ಅರ್ಥ ಮಾಡ್ಕೊಳ್ಳಿ.

ಕಳಿಸೋದು ಬ್ಯಾಂಕಿನ ಮೂಲಕವೇ. ನಿಮ್ಮ ಸ್ವಂತ ಖಾತೆಯಿಂದ, ಪ್ಯಾನ್ ಕೊಟ್ಟು, ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅಡಿಯಲ್ಲಿ, ಎ2 ಫಾರಂ ತುಂಬಿಸಿ. ಯಾರೋ ಪರಿಚಯದವರು ಅಲ್ಲಿಗೆ ಹೋಗ್ತಾರೆ, ಕೈಯಲ್ಲಿ ಕೊಟ್ಟು ಕಳಿಸೋಣ, ಹವಾಲಾದಲ್ಲಿ ರೇಟ್ ಚೆನ್ನಾಗಿದೆ, ಈ ಮಾತು ನನ್ನ ಹತ್ರ ತರಬೇಡಿ. ಎಫ್‌ಸಿಆರ್‌ಎ ತೊಂದರೆ ಆಗಲ್ವಾ ಅಂತ ಒಬ್ಬರು ಕೇಳಿದ್ರು. ಅದು ಹೊರಗಿಂದ ಒಳಗೆ ಬರೋ ಹಣದ ಕಾನೂನು. ಗೊತ್ತಿಲ್ಲದಿದ್ರೆ ನಮ್ಮ ಸಭೆಯಲ್ಲೇ ಇಬ್ಬರು ಸಿಎ ಇದ್ದಾರೆ, ಆರಾಧನೆ ಮುಗಿದ ಮೇಲೆ ಅವರ ಕಾಫಿ ಬಿಡಿಸಿ ಕೇಳಿ.

ಹಣ ಕೊಡೋಕೆ ಆಗದವರು? ಸ್ಟೂಡೆಂಟ್ಸ್? ಅವನ ಅಮ್ಮ ಕೆಂಗೇರಿಯಲ್ಲಿ ಒಬ್ಬರೇ ಇದ್ದಾರೆ. ಮಂಡಿನೋವು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಗ್ಯಾಸ್ ಸಿಲಿಂಡರ್ ಮೇಲೆ ಹತ್ತಿಸೋದು ಮಲಾವಿ ಸೇವೆ ಅಂತ ನಿಮಗೆ ಅನಿಸಲ್ಲ. ನಾನು ಹೇಳ್ತೀನಿ, ಅದು ಮಲಾವಿ ಸೇವೆಯೇ. ಅಮ್ಮನ ಯೋಚನೆ ಇಲ್ಲದೆ ಅವನು ಅಲ್ಲಿ ನಿದ್ದೆ ಮಾಡಿದ್ರೆ ಬೆಳಿಗ್ಗೆ ಒಂದು ಪಂಪು ಹೆಚ್ಚು ಬಿಚ್ತಾನೆ. ಒಂದನೇ ಸಮುವೇಲ 30ರಲ್ಲಿ ಹಳ್ಳದ ಹತ್ತಿರ ಸಾಮಾನು ಕಾಯ್ತಾ ಉಳಿದ ಇನ್ನೂರು ಜನಕ್ಕೂ ಸಮಪಾಲು ಅಂತ ದಾವೀದ ಕಟ್ಟಳೆ ಮಾಡಿದ. ಮನೆಗೆ ಹೋಗಿ ಓದಿ, ಈಗ ಟೈಮಿಲ್ಲ.

ಅವನಿಗೆ ಪತ್ರ ಬರೆಯುವಾಗ "ಎಷ್ಟು ಪಂಪು ಆಯ್ತು, ಎಷ್ಟು ಹಳ್ಳಿ ಆಯ್ತು" ಅಂತಲೇ ಶುರು ಮಾಡಬೇಡಿ. ಅವನು ನಿಮ್ಮ ಪ್ರಾಜೆಕ್ಟ್ ಅಲ್ಲ, ಸ್ಟ್ಯಾಂಡ್‌ಅಪ್ ಮೀಟಿಂಗ್ ಅಲ್ಲ. ಆರ್‌ಸಿಬಿ ಸ್ಕೋರ್ ಹೇಳಿ. ಯಾರಿಗೆ ಮದುವೆ ಫಿಕ್ಸ್ ಆಯ್ತು ಹೇಳಿ. ಅವನು ಬೇಜಾರು ಅಂದ್ರೆ ತಕ್ಷಣ ವಚನ ಫಾರ್ವರ್ಡ್ ಮಾಡಬೇಡಿ, ಹದಿಮೂರನೇ ವಚನ ಅವನಿಗೂ ಬಾಯಿಪಾಠ ಇದೆ. ಮೊದಲು ಕೇಳಿಸ್ಕೊಳ್ಳಿ.

ಅವನು ಉಳೀತಾನಾ, ಬರ್ತಾನಾ, ಅದು ಅವನೂ ಕರ್ತನೂ ತೀರ್ಮಾನ ಮಾಡೋ ವಿಷಯ. ಅವನಿಂದ ಕಲಿತ ಹೆಂಗಸರ ಕೈಯಲ್ಲಿ ಸ್ಪ್ಯಾನರ್ ಇದೆ, ಅವನು ಬಂದ್ರೂ ಪಂಪು ನಿಲ್ಲಲ್ಲ. ಬಂದ ದಿನ ಏರ್‌ಪೋರ್ಟಿಗೆ ಆ ಎರಡು ಟೆಂಪೊ ಟ್ರಾವೆಲರ್ ಮತ್ತೆ ಹೋಗಬೇಕು. ನಾಲ್ಕು ವರ್ಷ ಗ್ಯಾಪ್ ಇರೋ ರೆಸ್ಯೂಮೆಗೆ ಕೆಲಸ ಹುಡುಕಿಕೊಡೋರು ಈ ಹಾಲಲ್ಲೇ ಇದ್ದಾರೆ, ಎಚ್‌ಆರ್‌ನಲ್ಲಿರೋರು ತಲೆ ಬಗ್ಗಿಸ್ಕೋಬೇಡಿ, ನನಗೆ ಕಾಣಿಸ್ತಿದೆ.

ಎಲ್ಲರೂ ಎದ್ದು ನಿಲ್ಲೋಣ. ಇಲ್ಲಿ ಈಗ ಹನ್ನೊಂದು ಗಂಟೆ, ಅಲ್ಲಿ ಬೆಳಿಗ್ಗೆ ಏಳೂವರೆ. ಅವನು ಆರಾಧನೆಗೆ ಹೊರಡೋ ಹೊತ್ತು. ವಾರಕ್ಕೆ ಒಂದು ದಿನ ಅವನಿಗೆ ಫೋನ್ ಮಾಡೋಕೆ ಏಳು ಜನ ಬೇಕು, ಒಬ್ಬರಿಗೆ ಒಂದು ವಾರ. ಹೆಸರು ಕೊಡೋರು ಪ್ರಾರ್ಥನೆ ಆದ ಮೇಲೆ ಎಡಗಡೆ ಟೇಬಲ್ ಹತ್ರ ಬನ್ನಿ. ಕೆಂಗೇರಿ ಕಡೆ ಇರೋರು ಬಲಗಡೆ. ಈಗ ಕಣ್ಣು ಮುಚ್ಚಿ, ಕೈ ಎತ್ತಿ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಶೀರೆ ಕಣಿವೆಯಲ್ಲಿರುವ ನಿನ್ನ ದಾಸನನ್ನ ನಿನ್ನ ಕೈಗೆ ಒಪ್ಪಿಸುತ್ತೇವೆ. ಅವನ ರಕ್ತದಲ್ಲಿರುವ ಮಲೇರಿಯಾವನ್ನ ಗದರಿಸು ಕರ್ತನೇ. ಅವನ ಮೈಗೆ ಬಲ ಕೊಡು, ಮನಸ್ಸಿಗೆ ವಿಶ್ರಾಂತಿ ಕೊಡು. ಆ ಹಳ್ಳಿಯ ತಾಯಂದಿರು ನದಿಗೆ ಹೋಗದ ಹಾಗೆ ಪಂಪುಗಳಲ್ಲಿ ನೀರು ಬರಲಿ. ಈ ವರ್ಷ ಅವರ ಹೊಲಕ್ಕೆ ಮಳೆ ಕೊಡು, ಪ್ರವಾಹ ಬೇಡ ತಂದೆಯೇ, ಮಳೆ ಕೊಡು. ಕೆಂಗೇರಿಯ ತಾಯಿಯ ಮಂಡಿಯನ್ನ ಮುಟ್ಟು. ನಿನ್ನ ದಾಸ ಕೇಳಿದ ಪ್ರಶ್ನೆಯನ್ನ ನಾವು ಕೇಳಿಸಿಕೊಂಡಿದ್ದೇವೆ. ಅವನು ಬರುವ ದಿನ ಯಾವುದೇ ಆಗಲಿ, ಬಾಗಿಲಲ್ಲಿ ನಮ್ಮನ್ನ ನಿಲ್ಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.